ಚಿಕುನ್‌ಗುನ್ಯ ಬಂದು ಹೋಯಿತು, ಕೀಲುನೋವು ಮಾತ್ರ ಹೋಗಲಿಲ್ಲ: ಈಗ ಏನು ಮಾಡಬೇಕು?

ನನಗೆ ಜ್ವರ ಇದ್ದದ್ದು ನಾಲ್ಕೇ ದಿನ. ಐದನೇ ದಿನ ಬೆಳಿಗ್ಗೆ ಎದ್ದು ಕಾಫಿಗೆ ಹಾಲು ಇಡೋಣ ಅಂತ ಅಡುಗೆಮನೆಗೆ ಹೋದೆ. ಹಾಲಿನ ಪ್ಯಾಕೆಟ್ ಕತ್ತರಿಸಲು ಕತ್ತರಿಯೊಳಗೆ ಬೆರಳು ತೂರಿಸಿದರೆ ಬೆರಳು ಮಡಚುತ್ತಲೇ ಇಲ್ಲ. ಕೊನೆಗೆ ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಲ್ಲಿ ಕಚ್ಚಿ ಹರಿದೆ. ಹೀಗೆ ಹಲ್ಲಲ್ಲಿ ಹರಿಯುವುದು ಐದು ತಿಂಗಳು ನಡೆಯಿತು.

ಮೂರನೇ ವಾರದಲ್ಲಿ ಯಾರೋ ಹೇಳಿದರು ಅಂತ ನಾನೇ ಹೋಗಿ ಒಂದು ಲ್ಯಾಬಿನಲ್ಲಿ ರಕ್ತ ಕೊಟ್ಟು ಬಂದೆ. ಕೌಂಟರಿನಲ್ಲಿದ್ದ ಹುಡುಗ ರಿಪೋರ್ಟ್ ಕೊಡುತ್ತಾ, 'ಮೇಡಂ, ಆರ್‌ಎ ಪಾಸಿಟಿವ್ ಬಂದಿದೆ, ಇದು ಲೈಫ್ ಲಾಂಗ್ ಇರುತ್ತೆ' ಅಂದ. ಆರ್‌ಎ ಅಂದರೆ ರುಮಟಾಯ್ಡ್ ಆರ್ಥ್ರೈಟಿಸ್, ಮೈಯ ರೋಗನಿರೋಧಕ ಶಕ್ತಿಯೇ ಕೀಲುಗಳನ್ನು ಕೆಡಿಸುವ ಕಾಯಿಲೆ. ಆ ರಾತ್ರಿ ನಿದ್ದೆ ಬರಲಿಲ್ಲ. ಸೊಟ್ಟಗಾದ ಬೆರಳುಗಳ ಫೋಟೋ ನೋಡುತ್ತಾ ಕೂತಿದ್ದೆ. ನಾಲ್ಕು ತಿಂಗಳ ನಂತರ ಅದೇ ಪರೀಕ್ಷೆ ನೆಗೆಟಿವ್ ಬಂತು. ನಾನು ಡಾಕ್ಟರ್ ಅಲ್ಲ. ಆದರೆ ಈ ದಾರಿಯಲ್ಲಿ ಎಡವಿ ಎಡವಿ ಕಲಿತದ್ದು ಬೇಕಾದಷ್ಟಿದೆ. ಈಗ ನಿಮ್ಮ ಮನೆಯಲ್ಲಿ ಯಾರಾದರೂ ಕೈ ಮುಷ್ಟಿ ಕಟ್ಟಲಾಗದೆ ಕೂತಿದ್ದರೆ ಅವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು, ಒಳಗೆ ಏನು ನಡೆಯುತ್ತಿದೆ

ನಮ್ಮ ಬೀದಿಯಲ್ಲಿ ಒಂದು ನಾಯಿ ಇತ್ತು. ಒಮ್ಮೆ ಹೆಲ್ಮೆಟ್ ಹಾಕಿಕೊಂಡು ಬಂದ ಕಳ್ಳನನ್ನು ಅಟ್ಟಿಸಿಕೊಂಡು ಹೋಗಿ ಓಡಿಸಿತು. ಎಲ್ಲರೂ ಬಿಸ್ಕತ್ತು ಹಾಕಿ ಹೊಗಳಿದರು. ಮರುದಿನದಿಂದ ಹೆಲ್ಮೆಟ್ ಹಾಕಿದ ಯಾರು ಬಂದರೂ ಅದು ಬಿಡಲಿಲ್ಲ, ದಿನಾ ಅನ್ನ ಹಾಕುವ ಮಾವನವರನ್ನೂ ಕಚ್ಚಲು ಹೋಯಿತು. ವೈರಸ್ ಮತ್ತು ಆಟೋಇಮ್ಯೂನ್ ಕಾಯಿಲೆಯ ನಂಟಿನ ಒಂದು ಮುಖ್ಯ ವಿವರಣೆ ಇದೇ. ವೈರಸ್ಸಿನ ಒಂದು ಚೂರು ನಮ್ಮದೇ ಮೈಯ ಒಂದು ಚೂರಿನ ಥರ ಕಾಣುತ್ತದೆ. ವೈರಸ್ಸನ್ನು ಗುರುತಿಸಲು ಕಲಿತ ರೋಗನಿರೋಧಕ ಕಣಗಳು ಆಮೇಲೆ ನಮ್ಮ ಕೀಲು, ನರ, ಥೈರಾಯ್ಡ್ ಅಂತ ನಮ್ಮನ್ನೇ ಕಚ್ಚಲು ಶುರು ಮಾಡುತ್ತವೆ.

ಆದರೆ ಚಿಕುನ್‌ಗುನ್ಯ ನಂತರದ ನೋವೆಲ್ಲ ಇದೇ ಅಂತ ತಿಳಿಯಬೇಡಿ. ಇನ್ನೊಂದು ಸಾಧ್ಯತೆಯೂ ಇದೆ. ವೈರಸ್ ಸತ್ತರೂ ಅದರ ಅವಶೇಷ ಕೀಲಿನೊಳಗೆ ಉಳಿದು ಉರಿಯೂತವನ್ನು ಜೀವಂತ ಇಟ್ಟಿರಬಹುದು. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ 2005-06ರಲ್ಲಿ ಮೂರರಲ್ಲಿ ಒಬ್ಬರಿಗೆ ಈ ಜ್ವರ ಬಂದಿತ್ತು. ಅಲ್ಲಿನ ಒಬ್ಬ ರೋಗಿಯ ಕೀಲಿನ ಪೊರೆಯಲ್ಲಿ 18 ತಿಂಗಳ ನಂತರವೂ ವೈರಸ್ಸಿನ ಗುರುತು ಸಿಕ್ಕಿತು. ಅದೇ ದ್ವೀಪದಲ್ಲಿ, ಜ್ವರದ ನಂತರ ನಿಜವಾದ ರುಮಟಾಯ್ಡ್ ಆರ್ಥ್ರೈಟಿಸ್ ಆದ 21 ಜನರ ವಿವರವನ್ನೂ ಡಾಕ್ಟರುಗಳು ಬರೆದಿಟ್ಟಿದ್ದಾರೆ. ಅವರಿಗೆ ರೋಗ ತಂದದ್ದು ವೈರಸ್ಸೇನಾ, ಅಥವಾ ಒಳಗೆ ಮಲಗಿದ್ದ ರೋಗವನ್ನು ಅದು ಎಬ್ಬಿಸಿತಾ ಅನ್ನೋ ಜಗಳ ಇನ್ನೂ ಮುಗಿದಿಲ್ಲ.

ಅಂದರೆ ನಮ್ಮ ಮುಂದೆ ಇರುವ ಪ್ರಶ್ನೆ ಇಷ್ಟೇ: ಇದು ತಾನಾಗಿ ಇಳಿಯುವ ನೋವಾ, ಅಥವಾ ಚಿಕಿತ್ಸೆ ಬೇಕಾದ ಕೀಲುರೋಗವಾ? ಮೊದಲ ವಾರದಲ್ಲೇ ಉತ್ತರ ಸಿಗಲ್ಲ. ಕಾಯಬೇಕು. ಹೇಗೆ ಕಾಯಬೇಕು ಅನ್ನೋದೇ ಈ ಬರಹದ ಮುಕ್ಕಾಲು ಪಾಲು.

ಕ್ಯಾಲೆಂಡರ್ ಮುಂದಿಟ್ಟುಕೊಳ್ಳಿ

ಜ್ವರ ಶುರುವಾದ ದಿನಕ್ಕೆ ಒಂದು ಸುತ್ತು ಹಾಕಿ. ಅಲ್ಲಿಂದ ಮೂರು ವಾರ ಅದು ಕಾಯಿಲೆಯ ಮೊದಲ ಹಂತ. ಮೂರು ವಾರದಿಂದ ಮೂರು ತಿಂಗಳು ನಡುವಿನ ಹಂತ. ಮೂರು ತಿಂಗಳು ದಾಟಿದರೆ ಡಾಕ್ಟರುಗಳು ಅದನ್ನು ದೀರ್ಘಕಾಲದ್ದು ಅನ್ನುತ್ತಾರೆ. ಬಹಳ ಜನರಿಗೆ ಮೊದಲೆರಡು ಹಂತದಲ್ಲೇ ನೋವು ಇಳಿಯುತ್ತದೆ. ನಲವತ್ತು ದಾಟಿದವರು, ಮೊದಲೇ ಮಂಡಿ ಸವೆತ ಇದ್ದವರು, ಜ್ವರದಲ್ಲಿ ಎದ್ದು ಕೂರಲೂ ಆಗದಷ್ಟು ನೋವು ಉಂಡವರು, ಇವರಿಗೆ ಜಾಸ್ತಿ ದಿನ ಎಳೆಯುತ್ತದೆ. ಹೆಂಗಸರಿಗೆ ಇನ್ನೂ ಸ್ವಲ್ಪ ಜಾಸ್ತಿ.

ಸುತ್ತು ಹಾಕಿದ ಮೇಲೆ ಒಂದು ಹಳೇ ನೋಟ್‌ಬುಕ್ ತೆಗೆದುಕೊಳ್ಳಿ. ದಿನಾ ಒಂದೇ ಸಾಲು ಸಾಕು. 'ನೋವು ಜಾಸ್ತಿ' ಅಂತ ಬರೆದರೆ ಆರು ವಾರದ ನಂತರ ಅದನ್ನು ಓದಿ ಏನೂ ತಿಳಿಯಲ್ಲ. ಹಾಗಾಗಿ ಅಳೆಯಬಹುದಾದ್ದನ್ನು ಬರೆಯಿರಿ. ಬೆಳಿಗ್ಗೆ ಎಷ್ಟು ಹೊತ್ತು ಕೈ ಬಿಗಿದುಕೊಂಡಿತ್ತು ಅನ್ನೋದು ಎಲ್ಲಕ್ಕಿಂತ ಮುಖ್ಯ. ಎದ್ದ ಸಮಯ ನೋಡಿ, ಮುಷ್ಟಿ ಪೂರ್ತಿ ಮುಚ್ಚಲು ಬಂದ ಸಮಯ ನೋಡಿ, ನಡುವಿನ ನಿಮಿಷ ಬರೆಯಿರಿ. ನನ್ನ ಪುಸ್ತಕದಲ್ಲಿ ಎರಡನೇ ವಾರ '6.10ಕ್ಕೆ ಎದ್ದೆ, 8ಕ್ಕೆ ಮುಷ್ಟಿ, 110 ನಿಮಿಷ' ಅಂತಿದೆ. ಅದೇ ಒಂಬತ್ತನೇ ವಾರ 40. ನೋವು ಕಡಿಮೆ ಆಗಿದೆ ಅಂತ ನನಗೆ ಒಂದು ಚೂರೂ ಅನಿಸಿರಲಿಲ್ಲ. ಲೆಕ್ಕ ಮಾತ್ರ ಇಳಿದಿತ್ತು. ಅದನ್ನು ನೋಡಿಯೇ ಧೈರ್ಯ ಬಂತು.

ಯಾವ ಕೀಲು ಅನ್ನೋದನ್ನೂ ಬರೆಯಬೇಕು. ಬೆರಳು ಅಂಗೈಗೆ ಸೇರುವ ಗಿಣ್ಣುಗಳು, ಬೆರಳಿನ ನಡುವಿನ ಗಿಣ್ಣುಗಳು, ಮಣಿಕಟ್ಟು, ಇವು ಎರಡೂ ಕೈಯಲ್ಲಿ ಒಂದೇ ಥರ ಊದಿಕೊಂಡಿದ್ದರೆ ಅದು ರುಮಟಾಯ್ಡ್ ಥರದ ನಡೆ. ಉಗುರಿನ ಹತ್ತಿರದ ಕೊನೇ ಗಿಣ್ಣು ಮಾತ್ರ ನೋಯುತ್ತಿದ್ದರೆ ಸಾಮಾನ್ಯವಾಗಿ ಅದು ವಯಸ್ಸಿನ ಸವೆತ. ತೊಂದರೆ ಏನಪ್ಪಾ ಅಂದರೆ ಚಿಕುನ್‌ಗುನ್ಯ ಕೂಡ ಕೈಬೆರಳು, ಮಣಿಕಟ್ಟು, ಪಾದದ ಗಿಣ್ಣನ್ನೇ ಎರಡೂ ಕಡೆ ಹಿಡಿಯುತ್ತದೆ. ಪಕ್ಕಾ ನಕಲು. ಅದಕ್ಕೇ ಮೊದಲ ವಾರಗಳಲ್ಲಿ ನೋಡಿ ಹೇಳುವುದು ಅನುಭವ ಇದ್ದ ಡಾಕ್ಟರಿಗೂ ಕಷ್ಟ.

ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಕೈಕುಲುಕುವ ಹಾಗೆ ಬೇರೆಯವರು ನಿಮ್ಮ ಅಂಗೈಯನ್ನು ಗಿಣ್ಣುಗಳ ಸಾಲಿನಲ್ಲಿ ಅಡ್ಡಕ್ಕೆ ಮೆಲ್ಲಗೆ ಅದುಮಲಿ. ಅಷ್ಟಕ್ಕೇ 'ಅಯ್ಯೋ' ಅನಿಸಿದರೆ ಬರೆದಿಡಿ. ವಾರಕ್ಕೊಮ್ಮೆ ಅದೇ ಟೇಬಲ್ಲಿನ ಮೇಲೆ, ಅದೇ ಬೆಳಕಿನಲ್ಲಿ, ಎರಡೂ ಕೈ ಪಕ್ಕಪಕ್ಕ ಇಟ್ಟು ಫೋಟೋ ತೆಗೆಯಿರಿ. ನೋವು ಬೇರೆ, ಊತ ಬೇರೆ. ಬರೀ ನೋವು ಇದ್ದು ಊತ ಇಲ್ಲದಿದ್ದರೆ ಒಂದು ದಾರಿ, ಗಿಣ್ಣಿನ ಗುಳಿ ಮುಚ್ಚುವಷ್ಟು ಮೆತ್ತಗೆ ಊದಿದ್ದರೆ ಇನ್ನೊಂದು ದಾರಿ. ಡಾಕ್ಟರ್ ಹತ್ತಿರ ಹೋದ ದಿನವೇ ಊತ ಮಾಯ ಆಗಿರುತ್ತದೆ, ಅದಂತೂ ಗ್ಯಾರಂಟಿ. ಆಗ ಫೋಟೋ ಕೆಲಸಕ್ಕೆ ಬರುತ್ತದೆ.

ರಕ್ತಪರೀಕ್ಷೆ: ಯಾವುದು, ಯಾವಾಗ

ನನ್ನ ದುಡ್ಡು ಹೋದದ್ದು ಇಲ್ಲೇ.

ಜ್ವರ ಬಂದ ಮೊದಲ ವಾರ ವೈರಸ್ಸನ್ನೇ ಹುಡುಕುವ ಆರ್‌ಟಿ-ಪಿಸಿಆರ್ ಉಪಯೋಗಕ್ಕೆ ಬರುತ್ತದೆ. ವೈರಸ್ಸಿನ ವಿರುದ್ಧ ಮೈ ತಯಾರಿಸುವ ಪ್ರತಿಕಾಯವನ್ನು ಹುಡುಕುವ ಐಜಿಎಂ ಪರೀಕ್ಷೆ ಐದಾರು ದಿನ ಕಳೆದ ಮೇಲೆ ಮಾಡಿಸಬೇಕು. ಎರಡನೇ ದಿನ ಮಾಡಿಸಿ ನೆಗೆಟಿವ್ ಬಂತು, ಚಿಕುನ್‌ಗುನ್ಯ ಅಲ್ಲ ಅಂದುಕೊಂಡರೆ ತಪ್ಪಾಗುತ್ತದೆ. ಆಮೇಲೆ ಆ ಐಜಿಎಂ ತಿಂಗಳುಗಟ್ಟಲೆ ಪಾಸಿಟಿವ್ ಇರಬಹುದು. 'ಇನ್ನೂ ಮೈಯಲ್ಲಿ ವೈರಸ್ ಇದೆ' ಅಂತ ಹೆದರಿ ಪ್ರತಿ ತಿಂಗಳು ಮಾಡಿಸಬೇಡಿ.

ಆರ್‌ಎ ಫ್ಯಾಕ್ಟರ್. ಹೆಸರಲ್ಲೇ ಆರ್‌ಎ ಇರೋದರಿಂದ ಪಾಸಿಟಿವ್ ಅಂದರೆ ಆರ್‌ಎ ಅಂತಲೇ ಎಲ್ಲರೂ ತಿಳಿಯುತ್ತಾರೆ. ಆದರೆ ಬೇರೆ ಸೋಂಕಿನಲ್ಲೂ ಇದು ಪಾಸಿಟಿವ್ ಬರುತ್ತದೆ, ಹೆಪಟೈಟಿಸ್ ಸಿ ಇದ್ದವರಲ್ಲಿ ಬರುತ್ತದೆ, ಏನೂ ಕಾಯಿಲೆ ಇಲ್ಲದ ವಯಸ್ಸಾದವರಲ್ಲೂ ಬರುತ್ತದೆ. ಮೂರನೇ ವಾರದಲ್ಲಿ, ಅದೂ ಕಡಿಮೆ ಮಟ್ಟದಲ್ಲಿ ಬಂದ ಪಾಸಿಟಿವ್ ನೋಡಿ ನಾನು ಅತ್ತದ್ದು ಸುಮ್ನೆ ವೇಸ್ಟ್. ಆಂಟಿ-ಸಿಸಿಪಿ ಅನ್ನೋ ಇನ್ನೊಂದು ಪರೀಕ್ಷೆ ಇದೆ. ಅದು ಪಾಸಿಟಿವ್ ಬಂದರೆ, ಅದೂ ಜಾಸ್ತಿ ಮಟ್ಟದಲ್ಲಿ ಬಂದರೆ, ಮಾತು ಗಂಭೀರ. ಚಿಕುನ್‌ಗುನ್ಯ ಒಂದರಿಂದಲೇ ಕೀಲು ಊದಿದವರಲ್ಲಿ ಅದು ಸಾಮಾನ್ಯವಾಗಿ ನೆಗೆಟಿವ್ ಇರುತ್ತದೆ.

ಹಾಗಾದರೆ ಯಾವಾಗ? ಆರು ವಾರ ದಾಟಿಯೂ ಊತ ಇದ್ದು, ಬೆಳಗಿನ ಬಿಗಿತ ಅರ್ಧ ಗಂಟೆ ಮೀರುತ್ತಿದ್ದರೆ ಆಗ ಡಾಕ್ಟರನ್ನು ಕೇಳಿ ಇಎಸ್‌ಆರ್, ಸಿಆರ್‌ಪಿ (ಇವೆರಡೂ ಮೈಯಲ್ಲಿ ಉರಿಯೂತ ಎಷ್ಟಿದೆ ಅಂತ ತೋರಿಸುತ್ತವೆ), ಆರ್‌ಎ ಫ್ಯಾಕ್ಟರ್, ಆಂಟಿ-ಸಿಸಿಪಿ ಒಟ್ಟಿಗೆ ಮಾಡಿಸಿ. ಎಎನ್‌ಎ ಪರೀಕ್ಷೆಯನ್ನು ಡಾಕ್ಟರ್ ಹೇಳದೆ 'ಇರಲಿ' ಅಂತ ಸೇರಿಸಬೇಡಿ. ಆರೋಗ್ಯವಂತರಲ್ಲೂ ಅದು ಕಡಿಮೆ ಮಟ್ಟದಲ್ಲಿ ಪಾಸಿಟಿವ್ ಬರುತ್ತದೆ, ಆಮೇಲೆ ಲೂಪಸ್ (ಚರ್ಮ, ಕೀಲು, ಕಿಡ್ನಿಗೆ ತಗಲುವ ಇನ್ನೊಂದು ಆಟೋಇಮ್ಯೂನ್ ಕಾಯಿಲೆ) ಭಯ ಬೇರೆ ಸೇರಿಕೊಳ್ಳುತ್ತದೆ.

ಇನ್ನೊಂದು ಮಾತು. ಜ್ವರದ ಹೊತ್ತಿನಲ್ಲಿ ಪರೀಕ್ಷೆಯೇ ಮಾಡಿಸಿರದ ಹೆಂಗಸರಿಗೆ ಹೀಗೆ ಕೀಲು ಹಿಡಿದರೆ, ಅದರಲ್ಲೂ ಮನೆಯಲ್ಲಿ ಮಗುವಿಗೆ ಕೆನ್ನೆ ಕೆಂಪಾಗಿ ಜ್ವರ ಬಂದು ಹೋಗಿದ್ದರೆ, ಪಾರ್ವೋವೈರಸ್ ಬಿ19 ಇರಬಹುದು. ಅದೂ ರುಮಟಾಯ್ಡ್ ವೇಷ ಹಾಕುತ್ತದೆ. ಬಹುಪಾಲು ಕೆಲವೇ ವಾರಗಳಲ್ಲಿ ಇಳಿಯುತ್ತದೆ. ಗರ್ಭಿಣಿಯರು ಮಾತ್ರ ಕೂಡಲೇ ಡಾಕ್ಟರಿಗೆ ಹೇಳಬೇಕು.

ಮಾತ್ರೆ, ಪುಡಿ, ಇಂಜೆಕ್ಷನ್

ಜ್ವರದ ದಿನಗಳಲ್ಲಿ ಪ್ಯಾರಾಸಿಟಮಾಲ್ ಮಾತ್ರ. ಡೆಂಗಿ ಅಲ್ಲ ಅಂತ ಖಾತ್ರಿ ಆಗುವವರೆಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ಮುಟ್ಟಬೇಡಿ. ಎರಡೂ ಜ್ವರವನ್ನು ಹರಡುವುದು ಒಂದೇ ಸೊಳ್ಳೆ, ಎರಡೂ ಒಂದೇ ಸೀಸನ್ನಿನಲ್ಲಿ ಬರುತ್ತವೆ. ಡೆಂಗಿಯಲ್ಲಿ ಈ ಮಾತ್ರೆಗಳು ರಕ್ತಸ್ರಾವ ಜಾಸ್ತಿ ಮಾಡಬಹುದು. ಜ್ವರ ಬಿಟ್ಟ ಮೇಲೆ ಡಾಕ್ಟರ್ ನೋವಿನ ಮಾತ್ರೆ ಕೊಟ್ಟರೆ ಊಟದ ನಂತರ ತೆಗೆದುಕೊಳ್ಳಿ. ಬಿಪಿ, ಶುಗರ್, ಕಿಡ್ನಿ ತೊಂದರೆ ಇದ್ದರೆ ಅವರು ಕೇಳದಿದ್ದರೂ ನೀವೇ ಹೇಳಿ.

ಈಗ ಪುಡಿಯ ವಿಷಯ. ನಮ್ಮ ದೊಡ್ಡಮ್ಮ ಫೋನ್ ಮಾಡಿ, 'ಏನೇ, ಇನ್ನೂ ವಾಯು ಬಿಟ್ಟಿಲ್ವಾ? ಒಂದು ಕಡೆ ಪೊಟ್ಟಣ ಕೊಡ್ತಾರೆ, ಎರಡೇ ದಿನಕ್ಕೆ ಎದ್ದು ಓಡಾಡ್ತೀಯ' ಅಂದರು. ತರಿಸಿದೆ. ಹೆಸರಿಲ್ಲ, ಕಂಪನಿ ಇಲ್ಲ, ಕಾಗದದಲ್ಲಿ ಕಟ್ಟಿದ ಪುಡಿ. ನಿಜವಾಗಲೂ ಎರಡೇ ದಿನಕ್ಕೆ ಎದ್ದು ಓಡಾಡಿದೆ! ಮುಖ ಸ್ವಲ್ಪ ಊದಿಕೊಂಡಿತು, ಹಸಿವು ಬೆಂಕಿ. ಇಪ್ಪತ್ತು ದಿನ ಆದ ಮೇಲೆ ಪುಡಿ ಮುಗಿಯಿತು, ನೋವು ಮೊದಲಿಗಿಂತ ಜೋರಾಗಿ ಬಂತು, ಎದ್ದರೆ ತಲೆ ಸುತ್ತು. ರುಮಟಾಲಜಿಸ್ಟ್, ಅಂದರೆ ಕೀಲುರೋಗದ ತಜ್ಞರು, ಇದನ್ನು ಕೇಳಿ ತಲೆ ಅಲ್ಲಾಡಿಸಿದರು. ಹೀಗೆ ರಾತ್ರೋರಾತ್ರಿ ಕೆಲಸ ಮಾಡುವ ಹೆಸರಿಲ್ಲದ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿರುವುದು ಹೊಸದೇನಲ್ಲ ಅಂದರು. ಸ್ಟೀರಾಯ್ಡ್ ಕೆಟ್ಟದ್ದು ಅಂತಲ್ಲ, ಡಾಕ್ಟರೂ ಕೆಲವೊಮ್ಮೆ ಸ್ವಲ್ಪ ದಿನಕ್ಕೆ ಕೊಡುತ್ತಾರೆ. ಆದರೆ ಎಷ್ಟು ಹೋಗುತ್ತಿದೆ ಅಂತ ಗೊತ್ತಿರಬೇಕು, ನಿಲ್ಲಿಸುವಾಗ ಮೆಲ್ಲಗೆ ಇಳಿಸಬೇಕು. ವಾರಗಟ್ಟಲೆ ತಿಂದು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು ಬರಬಹುದು. ಇನ್ನೊಂದು ನಷ್ಟ ಏನೆಂದರೆ, ಊತ ಅಡಗಿದ್ದರಿಂದ ನನ್ನ ನೋಟ್‌ಬುಕ್ಕಿನ ಮೂರು ವಾರದ ಲೆಕ್ಕ ಯಾವ ಪ್ರಯೋಜನಕ್ಕೂ ಬರಲಿಲ್ಲ.

ನೀವೂ ಹೀಗೆ ಏನಾದರೂ ತಿಂದಿದ್ದರೆ ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ, ಉಳಿದ ಪೊಟ್ಟಣ ತೋರಿಸಿ. ಬೈಸಿಕೊಂಡರೂ ಪರವಾಗಿಲ್ಲ.

ಮೂರು ತಿಂಗಳು ದಾಟಿ ಊತ ನಿಂತೇ ಇದ್ದರೆ ರುಮಟಾಲಜಿಸ್ಟ್ ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಸಲಜಿನ್ ಅಥವಾ ಮೆಥೋಟ್ರೆಕ್ಸೇಟ್ ಶುರು ಮಾಡಬಹುದು. ಆಂಟಿ-ಸಿಸಿಪಿ ಜೋರಾಗಿ ಪಾಸಿಟಿವ್ ಇದ್ದರೆ ಅಷ್ಟು ದಿನ ಕಾಯುವುದೂ ಬೇಡ. ಮೆಥೋಟ್ರೆಕ್ಸೇಟ್ ಬಗ್ಗೆ ಒಂದು ಮಾತನ್ನು ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ: ಅದು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಮಾತ್ರೆ. ಬೇರೆ ಮಾತ್ರೆಗಳ ಜೊತೆ ದಿನಾ ನುಂಗಿ ಬಾಯಿ ತುಂಬ ಹುಣ್ಣಾಗಿ, ರಕ್ತಕಣ ಕುಸಿದು ಸತ್ತವರೂ ಇದ್ದಾರೆ. ಸೋಮವಾರವೋ ಮಂಗಳವಾರವೋ, ಆ ದಿನದ ಹೆಸರನ್ನು ಸ್ಟ್ರಿಪ್ ಮೇಲೇ ಪೆನ್ನಿನಲ್ಲಿ ಬರೆಯಿರಿ. ಅದನ್ನು ಶುರು ಮಾಡುವ ಮುಂಚೆ ಲಿವರ್, ಕಿಡ್ನಿ, ರಕ್ತಕಣದ ಪರೀಕ್ಷೆ ಮತ್ತು ಹೆಪಟೈಟಿಸ್ ಬಿ, ಸಿ ಪರೀಕ್ಷೆ ಆಗಿರಬೇಕು. ಗರ್ಭಿಣಿಯರು ಮತ್ತು ಮಗು ಬೇಕು ಅಂತಿರುವವರು ತೆಗೆದುಕೊಳ್ಳುವ ಹಾಗಿಲ್ಲ.

ಮನೆಯಲ್ಲಿ ಮಾಡುವುದು

ಬಿಗಿತಕ್ಕೆ ಬಿಸಿ, ಕೆಂಪಗೆ ಊದಿದ್ದಕ್ಕೆ ತಣ್ಣನೆ. ಬೆಳಿಗ್ಗೆ ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರು ತುಂಬಿ, ಅದರೊಳಗೆ ಕೈ ಮುಳುಗಿಸಿ ಮುಷ್ಟಿ ಕಟ್ಟಿ ಬಿಡಿ, ಹತ್ತು ನಿಮಿಷ. ಉಪ್ಪು ಹಾಕಿದರೂ ಸರಿ, ಹಾಕದಿದ್ದರೂ ಸರಿ. ಜೋರಾಗಿ ತಿಕ್ಕಿಸಿಕೊಳ್ಳುವುದು, ನೆಟಿಗೆ ತೆಗೆಸುವುದು ಬೇಡವೇ ಬೇಡ. ಪೂರ್ತಿ ಮಲಗಿದರೂ ಕೀಲು ಇನ್ನಷ್ಟು ಬಿಗಿಯುತ್ತದೆ, ಹಾಗಾಗಿ ಆಗಾಗ ಎದ್ದು ನಡೆಯಿರಿ. ಒದ್ದೆ ಬಟ್ಟೆ ಹಿಂಡುವುದು, ಕಾಯಿ ತುರಿಯುವುದು, ರೊಟ್ಟಿ ತಟ್ಟುವುದು, ಇವನ್ನು ಮನೆಯ ಗಂಡಸರಿಗೆ ವಹಿಸಿಕೊಡಲು ಇದಕ್ಕಿಂತ ಒಳ್ಳೆ ಸಮಯ ಸಿಗಲ್ಲ. ನಮ್ಮನೆಯವರು ಈಗ ಕಾಯಿ ಚೆನ್ನಾಗಿ ತುರಿಯುತ್ತಾರೆ.

ಊಟದಲ್ಲಿ ಪಥ್ಯ ಅಂತ ಆಲೂಗಡ್ಡೆ, ಬದನೆಕಾಯಿ, ಬೇಳೆ ಎಲ್ಲ ಬಿಟ್ಟು ಸೊರಗಬೇಡಿ. ಕೋಳಿಗೂ ಇದಕ್ಕೂ ಸಂಬಂಧವೇ ಇಲ್ಲ. 2006ರಲ್ಲಿ ಕರ್ನಾಟಕ ಒಂದರಲ್ಲೇ ಏಳೂವರೆ ಲಕ್ಷಕ್ಕೂ ಹೆಚ್ಚು ಜನ ಈ ಜ್ವರದಲ್ಲಿ ನರಳಿದಾಗ ಎಷ್ಟೋ ಊರಲ್ಲಿ 'ಚಿಕನ್ ಗುನ್ಯ' ಅಂತ ಕೋಳಿಯನ್ನೇ ದೂರ ಇಟ್ಟಿದ್ದರು. ಹೆಸರು ಬಂದದ್ದು ಆಫ್ರಿಕಾದ ಮಕೊಂಡೆ ಭಾಷೆಯಿಂದ, ಬಗ್ಗಿಸಿಬಿಡುವುದು ಅನ್ನೋ ಅರ್ಥದಲ್ಲಿ. ಗೋಡೆ ಹಿಡಿದು ಬಚ್ಚಲಿಗೆ ಹೋದವರಿಗೆ ಆ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಕಾಯಬಾರದ ಸಂದರ್ಭ

ಇಷ್ಟು ಹೊತ್ತು ಕಾಯಿರಿ ಅಂದೆ. ಈಗ ಹೇಳುವುದಕ್ಕೆ ಒಂದು ದಿನವೂ ಕಾಯಬೇಡಿ.

ಯಾವುದೇ ವೈರಲ್ ಜ್ವರ ಅಥವಾ ಭೇದಿ ಬಂದು ಹೋದ ಒಂದರಿಂದ ನಾಲ್ಕು ವಾರದೊಳಗೆ ಪಾದ ಜುಮ್ಮೆನ್ನಲು ಶುರುವಾಗಿ, ಮೆಟ್ಟಿಲು ಹತ್ತಲು ಆಗದೆ, ಶಕ್ತಿ ಇಲ್ಲದಿರುವುದು ದಿನದಿಂದ ದಿನಕ್ಕೆ ಮೇಲಕ್ಕೆ ಏರುತ್ತಿದ್ದರೆ ಅದು ಗೀಯಾನ್ ಬರೇ ಸಿಂಡ್ರೋಮ್ (ಜಿಬಿಎಸ್, ರೋಗನಿರೋಧಕ ಶಕ್ತಿ ನಮ್ಮ ನರಗಳನ್ನೇ ಕಚ್ಚುವ ಕಾಯಿಲೆ) ಇರಬಹುದು. ಚಿಕುನ್‌ಗುನ್ಯ ನೋವಿನಲ್ಲೂ ನಡೆಯಲು ಆಗಲ್ಲ, ಹಾಗಾಗಿ ಗೊಂದಲ ಆಗುತ್ತದೆ. ವ್ಯತ್ಯಾಸ ಹೀಗೆ: ಅಲ್ಲಿ ನೋವಿಗೆ ಹೆದರಿ ಕಾಲು ಎತ್ತಲ್ಲ, ಇಲ್ಲಿ ಎತ್ತಲು ಹೋದರೂ ಕಾಲು ಮಾತು ಕೇಳಲ್ಲ. ಇದು ಉಸಿರಾಟದ ಸ್ನಾಯುಗಳಿಗೆ ಏರಿದರೆ ವೆಂಟಿಲೇಟರ್ ಬೇಕಾಗುತ್ತದೆ. ಐವಿಐಜಿ (ರಕ್ತನಾಳದ ಮೂಲಕ ಕೊಡುವ ಪ್ರತಿಕಾಯಗಳ ಔಷಧ) ಅಥವಾ ಪ್ಲಾಸ್ಮಾ ಬದಲಾವಣೆ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಹಾಗಾಗಿ ನರರೋಗ ವಿಭಾಗ ಮತ್ತು ಐಸಿಯು ಎರಡೂ ಇರುವ ಆಸ್ಪತ್ರೆಗೆ ಅವತ್ತೇ ಹೋಗಿ. 2013-14ರಲ್ಲಿ ಫ್ರೆಂಚ್ ಪಾಲಿನೇಷ್ಯಾದಲ್ಲಿ ಝೀಕಾ ವೈರಸ್ ನಂತರ ಇದು ಗುಂಪಾಗಿ ಕಾಣಿಸಿತು. 2025ರ ಜನವರಿಯಲ್ಲಿ ಪುಣೆಯಲ್ಲಿ ಕೆಟ್ಟ ನೀರಿನ ಭೇದಿಯ ಹಿಂದೆಯೇ ಬಂತು. ಅಲ್ಲಿ ಮುಖ್ಯವಾಗಿ ಸಿಕ್ಕಿದ್ದು ಕ್ಯಾಂಪಿಲೋಬ್ಯಾಕ್ಟರ್, ಅದು ವೈರಸ್ ಅಲ್ಲ, ಬ್ಯಾಕ್ಟೀರಿಯಾ. ಆದರೂ ನಾಯಿ-ಹೆಲ್ಮೆಟ್ ಕಥೆ ಅದೇ.

ಒಂದೇ ಕೀಲು ಬೆಂಕಿ ಹಾಗೆ ಬಿಸಿಯಾಗಿ ಕೆಂಪಗೆ ಊದಿ ಜೊತೆಗೆ ಜ್ವರ ಇದ್ದರೆ ಕೀಲಿನೊಳಗೆ ಕೀವಾಗಿರಬಹುದು, ಅದಕ್ಕೂ ಅವತ್ತೇ. ಎದೆನೋವು, ಏದುಸಿರು, ಒಂದು ಕಣ್ಣಿನ ದೃಷ್ಟಿ ನೋವಿನ ಜೊತೆ ಮಂಜಾಗುವುದು, ಇವಕ್ಕೂ ಅಷ್ಟೇ. ಮಕ್ಕಳಲ್ಲಿ ಜ್ವರದ ನಂತರ ಮೈಮೇಲೆ ಸಾಸಿವೆ ಚೆಲ್ಲಿದ ಹಾಗೆ ಕೆಂಪು ಚುಕ್ಕೆ, ವಸಡಿನಲ್ಲಿ ರಕ್ತ ಬಂದರೆ ಪ್ಲೇಟ್‌ಲೆಟ್ ನೋಡಿಸಬೇಕು. ಮಗು ವಿಪರೀತ ನೀರು ಕುಡಿದು ಪದೇಪದೇ ಉಚ್ಚೆ ಹೊಯ್ದು ಸೊರಗುತ್ತಿದ್ದರೆ ಶುಗರ್ ನೋಡಿಸಿ. ಟೈಪ್ 1 ಡಯಾಬಿಟಿಸ್ ಹಿಂದೆ ಕಾಕ್ಸ್‌ಸಾಕಿ ಥರದ ವೈರಸ್ಸುಗಳ ಕೈವಾಡ ಇದೆ ಅನ್ನೋ ಅನುಮಾನ ಹಳೆಯದು. ಕೀಲುನೋವಿನ ಜೊತೆ ಬಾಯಿಹುಣ್ಣು, ಕೂದಲು ಉದುರುವುದು, ಬಿಸಿಲಿಗೆ ಕೆನ್ನೆ ಕೆಂಪಾಗುವುದು, ಮೂತ್ರದಲ್ಲಿ ನೊರೆ, ಇವು ಸೇರಿಕೊಂಡರೆ ಆ ವಾರವೇ ಡಾಕ್ಟರನ್ನು ಕಾಣಿ. ಎಎನ್‌ಎ ಪರೀಕ್ಷೆಗೆ ನಿಜವಾಗಿ ಅರ್ಥ ಬರುವುದು ಅಲ್ಲಿ.

ಇದನ್ನೆಲ್ಲ ಓದಿ ಪ್ರತಿ ಶೀತಕ್ಕೂ ಹೆದರಬೇಡಿ. 2022ರಲ್ಲಿ ಅಮೆರಿಕದ ಒಂದು ಕೋಟಿಗೂ ಹೆಚ್ಚು ಸೈನಿಕರ ದಾಖಲೆ ನೋಡಿ ಒಂದು ವಿಷಯ ಹೇಳಿದರು: ಎಪ್ಸ್ಟೀನ್-ಬಾರ್ ವೈರಸ್ ಸೋಂಕಿನ ನಂತರ ಮಲ್ಟಿಪಲ್ ಸ್ಕ್ಲೆರೋಸಿಸ್ (ಮಿದುಳು, ಬೆನ್ನುಹುರಿಯ ನರಗಳ ಹೊದಿಕೆ ಕೆಡುವ ಕಾಯಿಲೆ) ಬರುವ ಸಾಧ್ಯತೆ 32 ಪಟ್ಟು ಜಾಸ್ತಿ. ಕೇಳಿದರೆ ಎದೆ ಝಲ್ ಅನ್ನುತ್ತದೆ. ಆದರೆ ಆ ವೈರಸ್ ದೊಡ್ಡವರಾದ ನೂರಕ್ಕೆ ಸುಮಾರು 95 ಜನರಲ್ಲಿ ಇದೆ, ನಿಮ್ಮಲ್ಲಿಯೂ ನನ್ನಲ್ಲಿಯೂ. ರೋಗ ಬರುವುದು ಅವರಲ್ಲಿ ಬೆರಳೆಣಿಕೆಯವರಿಗೆ.

ಡಾಕ್ಟರ್ ಹತ್ತಿರ ಹೋಗುವ ದಿನ

ರುಮಟಾಲಜಿಸ್ಟ್ ಎಲ್ಲ ಊರಲ್ಲೂ ಸಿಗಲ್ಲ. ಬಸ್ಸು ಹತ್ತಿ ದೊಡ್ಡ ಊರಿಗೆ ಹೋಗಿ, ಮೂರು ಗಂಟೆ ಕಾದು, ಒಳಗೆ ಹೋದರೆ ಸಿಗುವುದು ಹತ್ತು ನಿಮಿಷ. ನೋಟ್‌ಬುಕ್ ಪೂರ್ತಿ ಓದಲು ಅವರಿಗೆ ಸಮಯ ಇಲ್ಲ. ಒಂದೇ ಹಾಳೆಯಲ್ಲಿ ಬರೆದುಕೊಂಡು ಹೋಗಿ: ಜ್ವರ ಬಂದ ತಾರೀಕು, ಪರೀಕ್ಷೆ ಏನು ಬಂತು, ಪ್ರತಿ ತಿಂಗಳ ಬೆಳಗಿನ ಬಿಗಿತ ಎಷ್ಟು ನಿಮಿಷ, ಯಾವ ಕೀಲು, ಏನೇನು ಮಾತ್ರೆ ನುಂಗಿದಿರಿ. ಅಮ್ಮನಿಗೋ ಅಜ್ಜಿಗೋ ರುಮಟಾಯ್ಡ್, ಥೈರಾಯ್ಡ್, ಸೋರಿಯಾಸಿಸ್ ಇದ್ದರೆ ಅದನ್ನೂ ಸೇರಿಸಿ. ಬೀಡಿ, ಸಿಗರೇಟು ಸೇದುತ್ತಿದ್ದರೆ ಮುಚ್ಚಿಡಬೇಡಿ, ಅದು ರುಮಟಾಯ್ಡ್ ಸಾಧ್ಯತೆಯನ್ನು ಜಾಸ್ತಿ ಮಾಡುತ್ತದೆ. ಸಾಧ್ಯ ಆದರೆ ಬೆಳಗಿನ ಹೊತ್ತಿನ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ, ಊತ ಕಾಣುವುದು ಆಗಲೇ. ಖಾಲಿ ಸ್ಟ್ರಿಪ್‌ಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ.

ಮತ್ತೆ, ಉಂಗುರ ಬಳೆ ಮನೆಯಲ್ಲೇ ತೆಗೆದಿಟ್ಟು ಹೋಗಿ. ನಾನು ಆಸ್ಪತ್ರೆಯ ಬಚ್ಚಲಲ್ಲಿ ಸೋಪು ಹಚ್ಚಿ ಉಂಗುರ ಎಳೆಯುತ್ತಿದ್ದಾಗ ಹೊರಗೆ ನನ್ನ ನಂಬರ್ ಕೂಗಿ ಮುಗಿದಿತ್ತು.